ಕುಂಕುಮ ಹಚ್ಚಿದ ಉಳಿ

ನಾಳೆ ಆಯುಧಪೂಜೆ. ಆದ್ದರಿಂದ ಇವತ್ತು ವೇದಾಂತ ಬೇಡ, ಬಡಗಿಯ ಸಾಮಾನಿನ ಮಾತಾಡೋಣ. ಬಾಗಿಲ ಹತ್ತಿರ ಕೂತವರು ಮುಂದೆ ಬನ್ನಿ. ಪ್ರಸಾದ ಕೊಡುವುದು ಕೊನೆಯಲ್ಲೇ. ಅಲ್ಲಿ ಕೂತ ಮಾತ್ರಕ್ಕೆ ಬೇಗ ಸಿಗುವುದಿಲ್ಲ.

ಒಂದು ಊರು. ಆ ಊರಿನಲ್ಲಿ ಒಬ್ಬ ಶ್ರೀಮಂತ. ಅವನ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಕೆಲವರು ತಮ್ಮ ಷಡ್ಡಕನ ಕಡೆ ತಿರುಗಿ ನೋಡುತ್ತೀರಿ. ಅಕ್ಕಿ ಗಿರಣಿ ಇತ್ತು, ಹೆಂಡತಿ ಇದ್ದಳು, ಒಬ್ಬಳೇ ಮಗಳಿದ್ದಳು. ಒಬ್ಬ ತಮ್ಮನೂ ಇದ್ದ, ಆದರೆ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಯಾಕೆ ಎಂದು ಕೇಳಬೇಡಿ, ಅವರಿಬ್ಬರಿಗೂ ಮರೆತುಹೋಗಿತ್ತು.

ಇಂಥ ಶ್ರೀಮಂತನಿಗೆ ವಯಸ್ಸಾಗುತ್ತ ಬಂದ ಹಾಗೆ ಒಂದು ಹುಚ್ಚು ಹತ್ತಿತು. ಮರಗೆಲಸದ ಹುಚ್ಚು. ಒಳ್ಳೆಯ ಹುಚ್ಚೇ, ಇಸ್ಪೀಟಿಗಿಂತ ಎಷ್ಟೋ ಮೇಲು. ಆದರೆ ನೋಡಿ, ಬಡವನಿಗೆ ಕೆಲಸ ಮೊದಲು ಬರುತ್ತದೆ, ಸಾಮಾನು ಆಮೇಲೆ. ಶ್ರೀಮಂತನಿಗೆ ಸಾಮಾನು ಮೊದಲು ಬರುತ್ತದೆ, ಕೆಲಸ ಬರುವುದೇ ಇಲ್ಲ. ಅಗಲದ ಉಳಿ, ಸಣ್ಣ ಉಳಿ, ಹೂವು ಕೆತ್ತುವ ಉಳಿ ಬಂದವು. ಗರಗಸ ಬಂತು, ಮರವನ್ನು ನುಣುಪು ಮಾಡುವ ಕೀಸುಳಿ ಬಂತು, ತೂತು ಕೊರೆಯುವ ಬೈರಿಗೆ ಬಂತು. ಎಲ್ಲಕ್ಕೂ ಒಂದು ಪ್ರತ್ಯೇಕ ಕೋಣೆ. ಮನೆಗೆ ನೆಂಟರು ಬಂದರೆ ಕಾಫಿಗಿಂತ ಮೊದಲು ಆ ಕೋಣೆಯ ದರ್ಶನ ಆಗಬೇಕು. ದರ್ಶನ ಮಾಡಿ ಹೊಗಳಿದವರಿಗೆ ಮಾತ್ರ ಕಾಫಿಯ ಜೊತೆ ಚಕ್ಕುಲಿ.

ಆಯುಧಪೂಜೆ ಬಂತು. ವರ್ಷವಿಡೀ ನಮಗಾಗಿ ದುಡಿದ ಸಾಮಾನನ್ನು ತೊಳೆದು, ಒರೆಸಿ, ಒಂದು ದಿನ ಮುಟ್ಟದೆ ಇಟ್ಟು ಪೂಜೆ ಮಾಡುವುದು ನಮ್ಮ ಪದ್ಧತಿ. ಒಂದು ದಿನ. ಇವನಿಗೆ ಒಂದು ದಿನ ಸಾಲಲಿಲ್ಲ. ಪ್ರತಿ ಶುಕ್ರವಾರವೂ ಮಾಡತೊಡಗಿದ. ಉಳಿಯ ಅಲಗಿಗೆ ನೀರಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಗರಗಸದ ಹಲ್ಲಿಗೆ ಸೇವಂತಿಗೆ. ಹಚ್ಚಿದ್ದನ್ನು ಯಾರೂ ಒರೆಸುವಂತಿಲ್ಲ. ಆ ನೀರಿಗೆ ಉಕ್ಕು ತುಕ್ಕು ಹಿಡಿಯಿತು. ತುಕ್ಕಿನ ಬಣ್ಣವೂ ಕುಂಕುಮದ ಹಾಗೇ ಇದ್ದದ್ದರಿಂದ ಅವನಿಗೆ ಗೊತ್ತಾಗಲಿಲ್ಲ.

ಹೆಂಡತಿಗೆ ಗೊತ್ತಾಯಿತು. ಅಡುಗೆಮನೆಯವರಿಗೆ ಅಲಗಿನ ವಿಷಯ ಗೊತ್ತಾಗುತ್ತದೆ.

"ರೀ, ಈ ಉಳಿಗೆ ಒಂದ್ಸಲ ಸಾಣೆ ಹಿಡಿಸಿ. ಬೆಂಡೆಕಾಯಿನೂ ಕುಯ್ಯಲ್ಲ ಇದು" ಅಂದಳು.

"ಸಾಣೆನಾ? ಅರಿಶಿನ ಕುಂಕುಮ ಇಟ್ಟ ಮೇಲೆ ಅದು ಸಾಕ್ಷಾತ್ ಲಕ್ಷ್ಮಿ ಕಣೆ. ಲಕ್ಷ್ಮೀನ ತಗೊಂಡೋಗಿ ಕಲ್ಲಿಗೆ ಉಜ್ಜು ಅಂತೀಯಲ್ಲ, ನಿಂಗೆ ಬುದ್ಧಿ ಇದ್ಯಾ?" ಅಂದ ಅವನು.

ಆ ಕಡೆ ನಗಬೇಡಿ. ನಿಮ್ಮ ಸರದಿ ಬರುತ್ತದೆ.

ಅಷ್ಟರಲ್ಲಿ ಮಗಳಿಗೆ ಮದುವೆ ಗೊತ್ತಾಯಿತು. ಶ್ರೀಮಂತನಿಗೆ ಮಗಳ ಮೇಲೆ ಪ್ರಾಣ, ಅದನ್ನು ಸುಳ್ಳು ಅನ್ನಬಾರದು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವನ ಮನಸ್ಸಿನಲ್ಲಿ ಒಂದೇ ಆಸೆ ಬೆಳೆದಿತ್ತು. ಧಾರೆಯ ಹೊತ್ತಿಗೆ ತಾನು ಎರಡೂ ಕೈ ಸೇರಿಸಿ ಬೊಗಸೆ ಹಿಡಿಯಬೇಕು. ಹೆಂಡತಿ ನೀರು ಎರೆಯಬೇಕು. ಆ ನೀರು ತನ್ನ ಬೊಗಸೆಯಿಂದ ಮಗಳ ಕೈಗೆ, ಮಗಳ ಕೈಯಿಂದ ಅಳಿಯನ ಕೈಗೆ ಇಳಿಯಬೇಕು. ಎಷ್ಟೋ ಸಲ ಊಟ ಮಾಡಿ ಕೈ ತೊಳೆಯುವಾಗ ಬೊಗಸೆಯಲ್ಲಿ ನೀರು ನಿಲ್ಲಿಸಿ ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದ. ತಂದೆಯಾದವರಿಗೆ ಅರ್ಥವಾಗುತ್ತದೆ.

ಅಷ್ಟಕ್ಕೇ ನಿಂತಿದ್ದರೆ ನನಗೆ ಇವತ್ತು ಕಥೆ ಇರುತ್ತಿರಲಿಲ್ಲ. ಹಸೆಮಣೆಯನ್ನೂ ತಾನೇ ಮಾಡುತ್ತೇನೆ ಎಂದು ಊರಿಗೆಲ್ಲ ಸಾರಿದ. ಹಲಸಿನ ಹಲಗೆ ತರಿಸಿದ, ನಡುವೆ ಕಮಲದ ಹೂವು ಕೆತ್ತುತ್ತೇನೆ ಅಂದ.

ಮಗಳು, "ಮಣೆ ಯಾರು ಮಾಡಿದ್ರೂ ಮಣೆನೇ ಅಪ್ಪ. ನೀವು ಧಾರೆ ಎರೆದು ಕೊಟ್ರೆ ನಂಗೆ ಅಷ್ಟು ಸಾಕು" ಅಂದಳು.

"ಮಣೆನೂ ನನ್ ಕೈಯಿಂದಾನೇ, ಧಾರೆನೂ ನನ್ ಕೈಯಿಂದಾನೇ" ಅಂದ ಶ್ರೀಮಂತ.

ಆ ಮನೆಗೆ ಒಬ್ಬ ಬಡಗಿ ಬರುತ್ತಿದ್ದ. ಮದುವೆಗೆಂದು ಬಾಗಿಲು ಕಿಟಕಿ ರಿಪೇರಿ ನಡೆದಿತ್ತು. ಕಥೆಯಲ್ಲಿ ಬಡಗಿ ಬಂದ, ಇನ್ನು ಇವನೇ ಜ್ಞಾನಿ, ಬುದ್ಧಿ ಹೇಳುತ್ತಾನೆ ಅಂದುಕೊಂಡಿರಾ? ಇಲ್ಲ. ಅವನು ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿನವನು. ಶ್ರೀಮಂತ ಉಳಿಯನ್ನು ಅವನ ಕೈಗೆ ಕೊಟ್ಟ. ಅವನು ಹೆಬ್ಬೆರಳಿನ ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಇಟ್ಟು ನೋಡಿದ. ಹರಿತ ಇದ್ದರೆ ಉಗುರನ್ನು ಕಚ್ಚಬೇಕು. ಇದು ಎಣ್ಣೆ ಹಚ್ಚಿದ ಹಾಗೆ ಜಾರಿತು.

"ಹೆಂಗಿದೆ?" ಅಂದ ಶ್ರೀಮಂತ.

"ಇಂಥ ಉಳಿ ನಾನು ಎಲ್ಲೂ ನೋಡಿಲ್ಲ ಬುದ್ಧಿ" ಅಂದ ಬಡಗಿ. ಅದು ನಿಜವೇ.

"ಸಾಣೆ ಬೇಕು ಅಂತಾಳೆ ನಮ್ಮನೆಯವಳು."

"ಪೂಜೆ ಆಗಿರೋ ಉಳಿಗೆ ಸಾಣೆ ಯಾಕೆ ಬುದ್ಧಿ?"

"ಹಲಗೇನ ಬೆಂಚಿಗೆ ಬಿಗಿಬೇಕಾ?"

"ನಿಮ್ ಕೈ ಹಿಡಿತ ಸಾಲ್ದಾ? ಬಿಗಿಯೋದೆಲ್ಲ ನಮ್ಮಂಥೋರಿಗೆ."

ಇಷ್ಟು ಹೇಳಿ ಹಿತ್ತಲಿಗೆ ಹೋದ ಬಡಗಿ ಮೊದಲು ಮಾಡಿದ ಕೆಲಸ ಏನು? ತನ್ನ ಉಳಿಗೆ ಸಾಣೆ ಹಿಡಿದ. ಆಮೇಲೆ ತನ್ನ ಮರದ ತುಂಡನ್ನು ಅಲುಗಾಡದ ಹಾಗೆ ಬಿಗಿದ. ಎರಡು ಕೈಯನ್ನೂ ಅಲಗಿನ ಹಿಂದೆ ಇಟ್ಟುಕೊಂಡು ಕೆಲಸಕ್ಕೆ ಕೂತ. ತನ್ನ ಬೆರಳಿನ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು, ಧಣಿಯ ಬೆರಳಿನದು ಧಣಿಗೇ ಬಿಟ್ಟಿದ್ದು.

ಶ್ರೀಮಂತ ಕಮಲ ಕೆತ್ತಲು ಕೂತ. ಎಡಗೈಯಲ್ಲಿ ಹಲಗೆಯ ಅಂಚನ್ನು ಒತ್ತಿ ಹಿಡಿದ, ಬಲಗೈಯಲ್ಲಿ ಉಳಿ. ಎಡ ಅಂಗೈ ಎಲ್ಲಿತ್ತು? ಸರಿಯಾಗಿ ಉಳಿಯ ಬಾಯಿಯ ಎದುರಿಗೆ. ಹಲಸು ಬಲಿತ ಮರ, ಉಳಿ ಒಳಕ್ಕೆ ಇಳಿಯಲಿಲ್ಲ. ಇನ್ನಷ್ಟು ಒತ್ತಿದ. ಇಳಿಯಲಿಲ್ಲ. ಪೂಜೆ ಮಾಡಿದ ನನಗೇ ಹಟವೇ ಎಂದು ಎದ್ದು ನಿಂತು, ಮೈಭಾರವನ್ನೆಲ್ಲ ಹಾಕಿ ಒತ್ತಿದ. ನೋಡಿ, ಇಲ್ಲಿ ಸ್ವಲ್ಪ ಗಮನ ಕೊಡಿ. ಹರಿತವಾದ ಉಳಿಗೆ ಹಗುರ ಕೈ ಸಾಕು, ಅದು ಹೇಳಿದಷ್ಟು ಹೋಗಿ ನಿಲ್ಲುತ್ತದೆ. ಮೊಂಡು ಉಳಿಗೆ ಬಲ ಬೇಕು, ಬಲ ಹಾಕಿದರೆ ಅದು ಜಾರುತ್ತದೆ, ಜಾರಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಜಾರಿತು. ಎಡ ಅಂಗೈಗೆ ಹೊಕ್ಕಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಮಡಿಸುವ ನರವೇ ತುಂಡಾಗಿದೆ ಅಂದರು. ಹೊಲಿಗೆ ಹಾಕಿ, ಮೊಣಕೈವರೆಗೂ ಕಟ್ಟು ಕಟ್ಟಿ, ಒಂದು ತೊಟ್ಟು ನೀರೂ ಸೋಕಬಾರದು ಎಂದು ಕಳಿಸಿದರು. ಮುಹೂರ್ತ ಅದೇ ವಾರ ಇತ್ತು. ಮುಂದಕ್ಕೆ ಹಾಕೋಣವೇ ಎಂದು ಬೀಗರನ್ನು ಕೇಳಿಸಿದರೆ ಅವರು ಒಪ್ಪಲಿಲ್ಲ.

ಪುರೋಹಿತರು ಕಟ್ಟನ್ನು ನೋಡಿ, "ಒಂದೇ ಕೈಲಿ ಬೊಗಸೆ ಹೆಂಗೆ ಹಿಡೀತೀರಿ ಯಜಮಾನ್ರೆ? ತಮ್ಮ ಇದಾರಲ್ಲ, ದಂಪತಿನ ಕರೆಸಿ" ಅಂದರು.

ತಮ್ಮ ಬಂದ. ಕರೆದ ಕೂಡಲೇ ಬಂದ, ಅವನು ಒಳ್ಳೆಯವನೇ. ಅಂಗಡಿಯಿಂದ ತಂದ ಮಣೆಯ ಮೇಲೆ ಮದುಮಗಳು ಕೂತಳು. ಧಾರೆಯ ಹೊತ್ತಾಯಿತು. ಚಿಕ್ಕಪ್ಪ ಬೊಗಸೆ ಹಿಡಿದ, ಚಿಕ್ಕಮ್ಮ ನೀರು ಎರೆದಳು. ಹಡೆದ ತಾಯಿ ಒಂದು ಕಂಬದ ಪಕ್ಕದಲ್ಲಿ ನಿಂತಿದ್ದಳು. ಹಡೆದ ತಂದೆ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಂಟರ ಹಾಗೆ ಕೂತಿದ್ದ. ನೀರು ಬೀಳುತ್ತಿರುವಾಗ ಮಗಳು ತಲೆ ಎತ್ತಿ ಒಂದು ಸಲ ಅವನನ್ನು ನೋಡಿದಳು. ಅವನಿಗೆ ಅಳು ಬಂತು, ಮುಖ ಮುಚ್ಚಿಕೊಳ್ಳಲು ಒಂದೇ ಕೈ ಇತ್ತು. ಆ ಸಂಕಟ ಯಾರಿಗೂ ಬೇಡ.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ವಿಚಾರಿಸಲು ಬಂದವರಿಗೆಲ್ಲ "ಯಾರ್ದೋ ದೃಷ್ಟಿ ತಾಕ್ತು" ಅಂದ. ಬಡಗಿಯೂ ಬಂದು ಕಣ್ಣೊರೆಸಿಕೊಂಡು, "ಹೌದು ಬುದ್ಧಿ, ಜನರ ಕಣ್ಣು ಕೆಟ್ಟದ್ದು" ಅಂದ. ಮುಂದಿನ ಶುಕ್ರವಾರ ಅದೇ ಮೊಂಡು ಉಳಿಗೆ ಅದೇ ಅರಿಶಿನ, ಅದೇ ಕುಂಕುಮ, ಜೊತೆಗೆ ದೃಷ್ಟಿ ತೆಗೆಯಲು ಒಂದು ಬೂದುಗುಂಬಳಕಾಯಿ ಹೆಚ್ಚಿಗೆ.

ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ಶುಕ್ರವಾರ ತವರಿಗೆ ಬಂದ ಮಗಳು ಬಾಗಿಲಲ್ಲಿ ನಿಂತು ಇದನ್ನು ನೋಡಿದಳು.

"ಇಷ್ಟು ದಿನ ಇದಕ್ಕೆ ಕೈ ಮುಗಿದ್ರಿ ಅಪ್ಪ. ಒಂದು ದಿನ ಕಣ್ಣು ಬಿಟ್ಟು ಇದನ್ನ ನೋಡಿದ್ರಾ?" ಅಂದಳು.

ಅವನು ಮತ್ತೆ ಉಳಿಯ ಕಡೆ ತಿರುಗಿದ. ಕೈ ಮುಗಿಯಲು ಹೋದ, ಹೊಲಿಗೆ ಬಿದ್ದು ಮುದುಡಿದ ಎಡಗೈ ಬೆರಳು ನೆಟ್ಟಗಾಗಲಿಲ್ಲ.

ಕಥೆ ಮುಗಿಯಿತು. ಶ್ರೀಮಂತನನ್ನು ಇಲ್ಲಿಗೆ ಬಿಡೋಣ, ನಿಮ್ಮ ಕಡೆ ಬರುತ್ತೇನೆ. ಹೊರಗೆ ಸಾಲಾಗಿ ನಿಮ್ಮ ಸ್ಕೂಟರುಗಳು ನಿಂತಿವೆ, ನಾನು ಬರುವಾಗ ನೋಡಿದೆ. ನಾಳೆ ಅವಕ್ಕೆಲ್ಲ ಬಾಳೆಕಂದು ಕಟ್ಟುತ್ತೀರಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೀರಿ. ಬ್ರೇಕ್ ನೋಡಿಸಿದ್ದು ಯಾವಾಗ? ಹೆಲ್ಮೆಟ್ಟಿಗೂ ಕುಂಕುಮ ಹಚ್ಚುತ್ತೀರಿ, ತಲೆಗೆ ಮಾತ್ರ ಹಾಕುವುದಿಲ್ಲ. ಗ್ಯಾಸ್ ಒಲೆಗೆ ಹೂವು ಇದೆ, ಅದರ ಪೈಪು ಬಿರುಕು ಬಿಟ್ಟು ಕೂತಿದೆ. ಸುತ್ತಿಗೆಗೆ ಗಂಧ ಇದೆ, ಅದರ ತಲೆ ಮರದ ಕಾವಿನಲ್ಲಿ, ಅಂದರೆ ಹಿಡಿಯಲ್ಲಿ, ಲಟಲಟ ಅನ್ನುತ್ತಿದೆ. ಎತ್ತಿ ಹೊಡೆದ ದಿನ ಅದು ಯಾರ ಹಣೆಗೆ ಕುಂಕುಮ ಇಡುತ್ತದೋ ನೀವೇ ಯೋಚನೆ ಮಾಡಿ. ಪೂಜೆ ಬೇಡ ಅನ್ನುತ್ತಿಲ್ಲ. ನೋಡಿಕೊಳ್ಳುವ ಸೋಮಾರಿತನಕ್ಕೆ ಪೂಜೆಯನ್ನು ಹೊದಿಕೆ ಮಾಡಬೇಡಿ ಅನ್ನುತ್ತಿದ್ದೇನೆ.

ಬಡಗಿಯನ್ನು ಮರೆತೆ ಅಂದುಕೊಂಡವರು ಇದ್ದೀರಲ್ಲ, ನಿಮಗೂ ಒಂದು ಮಾತು. ಧಣಿಗೆ ಬೇಸರವಾದೀತು, ಸಾಹೇಬರಿಗೆ ಕೋಪ ಬಂದೀತು ಎಂದು ಕಣ್ಣೆದುರಿನ ಅಪಾಯವನ್ನು ನುಂಗಿಕೊಂಡು "ಚೆನ್ನಾಗಿದೆ ಬುದ್ಧಿ" ಅನ್ನುತ್ತೀರಲ್ಲ, ಆ ಉಳಿಯ ಹಿಡಿಯ ಮೇಲೆ ನಿಮ್ಮ ಕೈಯೂ ಇದೆ. ನಾಳೆಯಿಂದ ಬಾಯಿ ಬಿಟ್ಟು ಹೇಳಿ. ಬೈದರೆ ಬೈಸಿಕೊಳ್ಳಿ.

ಈಗ ಮನೆಗೆ ಹೋಗಿ. ಮೊದಲು ಸಾಮಾನು ಕೆಳಗಿಳಿಸಿ. ಅಲಗನ್ನು ಸಾಣೆ ಹಿಡಿದು, ಒರೆಸಿ, ಎಣ್ಣೆ ಸವರಿ. ಸಡಿಲವಾದ ಕಾವನ್ನು ಬಿಗಿ ಮಾಡಿ, ಬಿಗಿಯಾಗದಿದ್ದರೆ ಎಸೆಯಿರಿ. ಕೆಲಸಕ್ಕೆ ಕೂತಾಗ ಮರವನ್ನು ಬೆಂಚಿಗೆ ಬಿಗಿಯಿರಿ, ಎರಡು ಕೈಯೂ ಅಲಗಿನ ಹಿಂದಿರಲಿ, ಅಲಗಿನ ಮುಂದೆ ನಿಮ್ಮದಾಗಲಿ ಇನ್ನೊಬ್ಬರದಾಗಲಿ ಒಂದು ಬೆರಳೂ ಇರಬಾರದು. ಇದೆಲ್ಲ ಆದ ಮೇಲೆ ಪುರುಸೊತ್ತು ಉಳಿದರೆ ಹೂವು ಏರಿಸಿ. ಉಳಿಯದಿದ್ದರೆ ಪೂಜೆಯನ್ನೇ ಬಿಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ, ನಿಮ್ಮ ಮಕ್ಕಳಿಗೆ ನಿಮ್ಮ ಎರಡು ಕೈ ಬೇಕು.