ಕಟ್ಟಿಟ್ಟ ದಾರ

ನಗೋದಾದ್ರೆ ಈಗ್ಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ಇದ್ರಲ್ಲಿ ಹಾಳು ಬಾವಿ ಇಲ್ಲ, ಆಲದ ಮರಾನೂ ಇಲ್ಲ... ಹಾಡಹಗಲು, ಟ್ಯೂಬ್‌ಲೈಟ್ ಉರಿಯೋ ಆಸ್ಪತ್ರೆ ಬಾತ್‌ರೂಮು. ನಡೆದದ್ದು ನನ್ನ ಚಿಕ್ಕಪ್ಪನ ಮಗಳಿಗೆ.

ಅವಳು ಅಲ್ಲಿ ಕ್ಲೀನಿಂಗ್ ಕೆಲಸದವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಕಮೋಡ್ ಪಕ್ಕ ಒಂದು ಕೆಂಪು ದಾರ ನೆಲದವರೆಗೂ ಇಳಿಬಿದ್ದಿರುತ್ತೆ. ರೋಗಿ ಬಿದ್ರೆ ಅದನ್ನ ಎಳೀಬೇಕು, ನರ್ಸ್ ಹತ್ರ ಗಂಟೆ ಹೊಡ್ಕೊಳ್ಳುತ್ತೆ. ಆದ್ರೆ ನೆಲಕ್ಕೆ ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಹಾಗೇ ನೆನೆಯೋಕೆ ಬಿಡ್ಬೇಕಲ್ಲ, ದಾರ ಆ ಕೊಳೆನೀರಲ್ಲಿ ಮುಳುಗುತ್ತೆ. ಅದಕ್ಕೆ ಇವಳು ದಾರ ಮೇಲೆತ್ತಿ ಗಂಟು ಹಾಕೋಳು. ಬಿಚ್ಚೋಕೆ ಮರೆಯೋಳು.

"ಹೋದ ತಿಂಗಳು ಒಬ್ಬ ಅಜ್ಜಿ ಇಲ್ಲೇ ಬಿದ್ದು ತೀರಿಕೊಂಡ್ರು ಕಣೆ," ನರ್ಸಕ್ಕ ಪಿಸುಗುಟ್ಟಿದ್ರು. "ದಾರ ಎಟುಕಲಿಲ್ಲ..."

"ಅಯ್ಯೋ ಬಿಡಕ್ಕ, ವಯಸ್ಸಾಗಿತ್ತು," ಅಂದ್ಲು ಇವಳು. ಗಂಟು ಹಾಕಿದ್ದು ಇವಳೇ.

ಮಾರನೇ ದಿನದಿಂದ ಶುರುವಾಯ್ತು. ಗಂಟು ಹಾಕಿ, ಬಕೆಟ್ ತರೋಕೆ ಹೋಗಿ ಬಂದ್ರೆ ದಾರ ಬಿಚ್ಕೊಂಡಿರುತ್ತೆ. ಒಂದ್ಸಲ ಬಾಗಿಲ ಹೊರಗೇ ನಿಂತು ಕೇಳಿದ್ಲಂತೆ. ಟಪ್... ಆಮೇಲೆ ಸರ್ರ್... ಒದ್ದೆ ನೆಲದ ಮೇಲೆ ದಾರ ಹರಿದಾಡೋ ಸದ್ದು. ಒಳಗೆ ನರಪಿಳ್ಳೆ ಇಲ್ಲ. ಆದ್ರೂ ಹಟಮಾರಿ ನೋಡಿ, ಅವತ್ತಿಂದ ಎರಡೆರಡು ಗಂಟು ಬಿಗಿದ್ಲು.

ಅದೇ ವಾರ ನಮ್ಮ ಚಿಕ್ಕಮ್ಮ, ಅಂದ್ರೆ ಅವಳ ಅಮ್ಮ, ಸೊಂಟದ ಆಪರೇಶನ್ ಆಗಿ ಅದೇ ವಾರ್ಡಿಗೆ ಬಂದ್ರು. ಒಂದು ಮಧ್ಯಾಹ್ನ ಇವಳು ಕಾರಿಡಾರ್ ಒರೆಸ್ತಿದ್ದಾಗ ಗಂಟೆ ಹೊಡ್ಕೊಳ್ತು. ಟಿಣ್... ಟಿಣ್... ಟಿಣ್... ನಿಲ್ಲೋದೇ ಇಲ್ಲ. ಆ ಬಾತ್‌ರೂಮಿಂದೇ. ಅಮ್ಮನ ಮಂಚ ನೋಡಿದ್ರೆ ಖಾಲಿ. ಬಕೆಟ್ ಬಿಸಾಕಿ ಓಡಿದ್ಲು.

ಚಿಕ್ಕಮ್ಮ ನೆಲದ ಮೇಲೆ ಬಿದ್ದಿದ್ರು. ಹಣೆಯಿಂದ ರಕ್ತ... ಉಸಿರಿತ್ತು, ಸದ್ಯ. ಇವಳು ತಲೆ ಎತ್ತಿ ನೋಡಿದ್ಲು. ಎರಡೂ ಗಂಟು ಹಾಕಿದ್ದು ಹಾಕಿದ ಹಾಗೇ ಇದ್ವು, ಆಳೆತ್ತರದಲ್ಲಿ. ಬಿದ್ದೋರ ಕೈಗೆ ಎಟುಕೋ ಮಾತೇ ಇಲ್ಲ.

"ಅಮ್ಮ... ಗಂಟೆ ಯಾರು ಹೊಡೆದ್ರು?"

ಚಿಕ್ಕಮ್ಮ ಪಕ್ಕದ ಖಾಲಿ ನೆಲದ ಕಡೆ ಕೈ ಮಾಡಿದ್ರು. "ಅವರನ್ನೂ ಎಬ್ಬಿಸೇ. ಪಾಪ, ಎಷ್ಟು ಹೊತ್ತಿಂದ ಬಿದ್ದಿದ್ದಾರೋ... ಕೈಯೆಲ್ಲಾ ತಣ್ಣಗಾಗಿದೆ."

ಇವಳು ಅಳ್ತಾ ಗಂಟು ಬಿಚ್ಚೋಕೆ ಹೋದ್ಲು. ಎರಡೆರಡು ಬಿಗಿದಿದ್ಲಲ್ಲ, ಬಿಚ್ಚೋಕೇ ಆಗ್ಲಿಲ್ಲ. ಕೊನೆಗೆ ನರ್ಸಕ್ಕನೇ ಬಿಚ್ಚಿದ್ರು.

ಸುಳ್ಳು ಹೇಳಿ ನನಗೇನಾಗ್ಬೇಕು? ನಾಳೆ ಹೋಗಿ ಚಿಕ್ಕಮ್ಮನ್ನೇ ಕೇಳಿ. ಅವರು ತಿರುಗಿ ನಿಮ್ಮನ್ನೇ ಕೇಳ್ತಾರೆ, "ಆ ಅಜ್ಜಿ ಮನೆಗೆ ಹೋದ್ರಾ?" ಅಂತ.