ಗೋಡೆ ಬದಿಯ ಉಣ್ಣೆ

ತಾಜೆನಾಖ್ತ್ ಪೇಟೆಯ ಟ್ಯಾಕ್ಸಿ ನಿಲ್ದಾಣದಲ್ಲಿ ತೂದಾ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಇತ್ತೋ ಎಂಬವಳೂ ಅವಳ ತಂಗಿಯೂ, ಅವರ ಮೊಣಕಾಲ ಮೇಲೆ ಸುರುಳಿ ಸುತ್ತಿದ ಹೊಸ ಉಣ್ಣೆಹಾಸು. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

"ಇತ್ತೋ ಅಕ್ಕಾ, ಮೋಹಾ ಭಾವ ಎರಡನೇ ಮದುವೆ ಆಗ್ತಾನೆ, ಅವನ ಮಂಚಕ್ಕೆ ನೀನೇ ನೇಯ್ದು ಕೊಡ್ತೀಯಲ್ಲ! ನಾಚಿಕೆ ಆಗಲ್ವಾ?"

"ಅವನೇ ಕೇಳಿದ ಕಣೇ. ನಿನ್ನಂಥ ಕೈ ಊರಲ್ಲೇ ಇಲ್ಲ ಅಂದ. ಈ ಅಂಚು ಮುಟ್ಟಿ ನೋಡು, ಹುಡುಗಿ ಮಲಗೋ ಕಡೆ."

"ಬೆಣ್ಣೆ!"

"ನಮ್ಮ ಕುರಿದೇ ಉಣ್ಣೆ. ಪಾಪ, ಅವಳು ನನಗೇನು ಮಾಡಿದಾಳೆ? ಈಗ ಆ ಅಂಚು ಮುಟ್ಟು. ಅವನು ಯಾವತ್ತೂ ಗೋಡೆ ಕಡೇನೇ ಮಲಗೋದು."

"ಒರಟು... ಅಯ್ಯೋ, ಸತ್ತ ಉಣ್ಣೆ! ಚರ್ಮ ಹದ ಮಾಡೋರು ಸತ್ತ ಕುರಿ ತೊಗಲಿಗೆ ಸುಣ್ಣ ಹಚ್ಚಿ ಕಿತ್ತಿದ್ದಾ?"

"ಹೂಂ. ಈಗೇನೂ ಗೊತ್ತಾಗಲ್ಲ. ಚಳಿಗಾಲದ ತೇವ ಹತ್ತಲಿ, ಹೆಣದ ನಾತ ಏಳುತ್ತೆ."

"ಬಿಸಾಕ್ತಾರೆ, ಅಷ್ಟೇ."

"ಯಾಕೆ ಬಿಸಾಕ್ತಾಳೆ? ಅವಳ ಕಡೆ ಏನೂ ನಾತ ಇರಲ್ಲವಲ್ಲ. ಗಂಡಂದೇ ಅಂದ್ಕೋತಾಳೆ."

ಟ್ಯಾಕ್ಸಿ ಬಂತು. ಚಾಲಕ ಹಾಸನ್ನು ಮೇಲಕ್ಕೆಸೆಯಲು ಹೋದ.

"ಮೆಲ್ಲಗೆ ಕಟ್ಟಪ್ಪಾ," ಎಂದಳು ಇತ್ತೋ, "ಮದುವೆ ಉಡುಗೊರೆ ಅದು. ನಾನೇ ಕೈಯಾರೆ ಹಾಸಿಕೊಟ್ಟು ಬರಬೇಕು."