ಟೀಚರಮ್ಮನ ಕಾರಿನ ಬಿರುಕು

ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ನಂಬೋದು ಬಿಡೋದು ನಿಮಗೆ ಸೇರಿದ್ದು... ನಡುವೆ ಮಾತ್ರ ನಗಬೇಡಿ.

ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಅವಳು ಮನೆ ಕಡೆ ಹೊರಟಿದ್ದಳು. ಲಾರಿ ನಿಲ್ಲಿಸೋ ಬಯಲು, ಅದರ ಮೂಲೇಲಿ ಒಂದು ಹಾಳು ಬಾವಿ, ಬಾವಿ ದಾಟಿದರೆ ಮನೆಯ ಬೀದಿ. ಬಾವಿ ಹತ್ತಿರ ಬಂದಾಗ ಅಂಗಡಿ ಕಡೆಯಿಂದ ಒಂದು ಸದ್ದು...

ಪರ್ರ್ರ್.

ಅಷ್ಟು ದೂರಕ್ಕೆ ಅದು ಕೇಳಿಸಬಾರದಿತ್ತು. ಕೇಳಿಸಿತು. ಬೇರೆಯವರಾಗಿದ್ದರೆ ನಾಯಿ ಏನೋ ಎಳೀತಿದೆ ಅಂದುಕೊಂಡು ಹೆಜ್ಜೆ ಜೋರು ಮಾಡ್ತಿದ್ದರು. ಇವಳು ಕಾರಿನ ಸೀಟು ಹೊಲಿಯೋಳು. ಅಪ್ಪನಿಂದ ಕಲಿತದ್ದು, ಹದಿನೆಂಟು ವರ್ಷದಿಂದ ಅದೇ ಕೆಲಸ, ಬೀದಿಗೆಲ್ಲ ಸೂಜಿಯಕ್ಕ. ರೆಕ್ಸಿನ್ ಹರಿಯೋ ಸದ್ದು ಯಾವುದು, ಚರ್ಮ ಹರಿಯೋ ಸದ್ದು ಯಾವುದು ಅಂತ ನಿದ್ದೇಲೂ ಹೇಳ್ತಾಳೆ. ಇದು ಚರ್ಮ. ಸಂಜೆ ಅವಳೇ ಹೊದಿಸಿದ ಚರ್ಮ.

ಮೂರನೇ ಸಲ ಇದು.

ಅಂಗಡಿ ಒಳಗಿದ್ದದ್ದು ಟೀಚರಮ್ಮನ ಕಾರು. ಐವತ್ತು ವರ್ಷದ ಹಳೇ ಗಾಡಿ, ಕಡುಹಸಿರು ಬಣ್ಣ, ಎಲ್ಲೂ ಒಂದು ಗೀರಿಲ್ಲ. ಡ್ಯಾಶ್‌ಬೋರ್ಡ್ ಒಂದೇ ಒಡೆದಿತ್ತು. ಕೀ ಹಾಕೋ ಜಾಗದ ಮೇಲೆ ಗೇಣುದ್ದದ ಬಿರುಕು. ಬಿಸಿಲಿಗೆ ಒಡೆದದ್ದು ಅಂದುಕೊಂಡು ಸೂಜಿಯಕ್ಕ ಕೆಲಸ ಒಪ್ಪಿಕೊಂಡಿದ್ದಳು. ಬಿರುಕಿನ ಅಂಚು ಕೆತ್ತಿ, ಸ್ಪಿರಿಟ್ಟಿನಲ್ಲಿ ಒರೆಸಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿದಳು. ಅದರ ಮೇಲೆ ತೆಳು ಫೋಮ್, ಫೋಮಿನ ಮೇಲೆ ಕಪ್ಪು ಚರ್ಮ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಹರಿದಿತ್ತು. ತನ್ನ ಕೈಯ ತಪ್ಪೇ ಇರಬೇಕು ಅಂತ ಹೊಸ ಚರ್ಮ ಹಾಕಿದಳು. ಅದೂ ಹರೀತು. ಪಕ್ಕದ ಟಿಂಕರಿಂಗ್ ಅಂಗಡಿಯವನು ಟೀ ಕುಡೀತಾ ನಾಲ್ಕು ಜನರ ಮುಂದೆ, "ಅಪ್ಪನ ಕೈಗುಣ ಮಗಳಿಗೆ ಬರಲಿಲ್ಲ ಬಿಡಿ" ಅಂದಿದ್ದ.

ಹೀಗಾಗಿ ಬಾವಿ ಹತ್ತಿರ ನಿಂತವಳಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ತಿರುಗಿ ನಡೆದಳು.

ಬೀಗ ಹಾಕಿದ ಹಾಗೇ ಇತ್ತು. ಶಟರ್ ಎತ್ತಿದಳು. ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ... ಹತ್ತಿಕೊಂಡಿತು. ಕಾರಿನ ಗಾಜೆಲ್ಲ ಮುಚ್ಚಿತ್ತು. ಬಾಗಿಲು ತೆಗೆದು ಬಗ್ಗಿ ನೋಡಿದಳು. ಚರ್ಮ ಬಾಯಿಬಿಟ್ಟಿತ್ತು. ಕೆಳಗಿನ ಫೋಮಿನಲ್ಲಿ ನಾಲ್ಕು ಗುಳಿ, ಸಾಲಾಗಿ... ಮುಷ್ಟಿಯ ಗೆಣ್ಣುಗಳು. ಅವಳು ನೋಡ್ತಾ ನೋಡ್ತಾ ಆ ಗುಳಿಗಳು ನಿಧಾನಕ್ಕೆ ಮೇಲೆದ್ದು ಸಮ ಆದವು. ಒತ್ತಿದ ಕೈ ತೆಗೆದ ಮೇಲೆ ಫೋಮ್ ಏಳುತ್ತಲ್ಲ... ಹಾಗೆ. ಅಂದರೆ ಈಗಷ್ಟೇ ಗುದ್ದಿದ್ದು.

ಮೆಲ್ಲಗೆ ಕೇಳಿದಳು.

"ಯಾರು?"

ದಬ್.

ಕಣ್ಣೆದುರೇ ಮತ್ತೆ ನಾಲ್ಕು ಗುಳಿ ಬಿದ್ದವು.

ಸೂಜಿಯಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಮೂರನೇ ಹೆಜ್ಜೆ ಇಡಲಿಲ್ಲ. ಅಲ್ಲೇ ನಿಂತು ಟೀಚರಮ್ಮನಿಗೆ ಫೋನ್ ಮಾಡಿದಳು.

ಟೀಚರಮ್ಮ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಭೂಗೋಳ ಪಾಠ ಮಾಡಿ ರಿಟೈರ್ ಆದವರು. ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು, ಟಾರ್ಚ್ ಹಿಡಿದು ನಡೆದೇ ಬಂದರು. ಹರಿದ ಜಾಗ ನೋಡಿದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ... ಸೂಜಿಯಕ್ಕನ ಬೆನ್ನು ತಣ್ಣಗಾಗಿದ್ದು ಆಗ.

"ನಮ್ಮ ಯಜಮಾನರು," ಅಂದರು ಪಿಸುದನಿಯಲ್ಲಿ. "ಈ ಬಿರುಕು ಬಿಸಿಲಿಗೆ ಬಿದ್ದದ್ದಲ್ಲಮ್ಮ. ಮೂವತ್ತು ವರ್ಷ... ನಾನು ಕೀಗೆ ಕೈ ಹಾಕಿದಾಗಲೆಲ್ಲ ಅಲ್ಲಿ ಒಂದು ಗುದ್ದು. ನನ್ನ ಮೇಲೆ ಒಂದು ದಿನವೂ ಕೈ ಮಾಡಿದವರಲ್ಲ. ಅಲ್ಲಿ ಗುದ್ದೋರು, ನಾನು ಕೈ ಹಿಂದಕ್ಕೆ ತಗೊಳ್ತಿದ್ದೆ."

"ಅವರು ಹೋಗಿ ಎಷ್ಟು ದಿನ ಆಯ್ತು?"

"ಎರಡು ವರ್ಷ. ಆಮೇಲೇ ನಾನು ಡ್ರೈವಿಂಗ್ ಕಲಿತದ್ದು. ಅರವತ್ತೆರಡಕ್ಕೆ ಲೈಸೆನ್ಸ್ ಬಂತು." ಟಾರ್ಚ್ ಆರಿಸಿದರು. "ಬಿಡಮ್ಮ... ಮಾರಿಬಿಡ್ತೀನಿ. ಅವರಿಗೆ ಇಷ್ಟ ಇಲ್ಲ ಅಂತ ಕಾಣುತ್ತೆ."

ಸೂಜಿಯಕ್ಕನಿಗೆ ಮೈಯೆಲ್ಲ ಉರೀತು.

"ಅವರ ಇಷ್ಟ ಈಗ ಯಾರು ಕೇಳಿದ್ರು? ನೀವು ಸ್ಟೇರಿಂಗ್ ಹಿಡ್ಕೊಂಡು ಕೂತ್ಕೊಳ್ಳಿ. ನಾನು ಪಕ್ಕದಲ್ಲಿ ಕೂತು ಹೊಲೀತೀನಿ."

"ಈಗಲೇ?"

"ಈಗಲೇ. ಅವರು ಇಲ್ಲಿರೋವಾಗಲೇ."

ಇಬ್ಬರೂ ಹತ್ತಿ ಬಾಗಿಲು ಹಾಕಿಕೊಂಡರು. ಒಳಗೆ ಚಳಿ. ಸೂಜಿಯಕ್ಕ ಬಾಗಿದ ಸೂಜಿಗೆ ಮೇಣದ ದಾರ ಪೋಣಿಸಿದಳು. ಮೊದಲ ಹೊಲಿಗೆ. ದಬ್. ಸೂಜಿ ಬೆರಳಿಗೆ ಚುಚ್ಚಿತು. ರಕ್ತ ಒರೆಸಿಕೊಂಡು ಎರಡನೇ ಹೊಲಿಗೆ. ದಬ್. ಮೂರನೇದಕ್ಕೆ ದಾರ ಟಪ್ ಅಂತ ಕಡಿದುಹೋಯಿತು.

"ಯಜಮಾನ್ರೇ," ಅಂದಳು ಹಲ್ಲು ಕಚ್ಚಿಕೊಂಡು, "ದಾರ ಇನ್ನೂ ಅರ್ಧ ಉಂಡೆ ಇದೆ. ಬೆಳಗಾಗೋ ತನಕ ನನಗೆ ಬೇರೆ ಕೆಲಸವೂ ಇಲ್ಲ."

ಅಷ್ಟು ಹೆದರಿಕೆಯಲ್ಲೂ ಟೀಚರಮ್ಮನಿಗೆ ನಗು ಬಂತು. ಕೀ ಹಿಡಿದರು.

ದಬ್.

ಕೈ ತಾನಾಗೇ ಹಿಂದೆ ಬಂತು. ಮೂವತ್ತು ವರ್ಷದ ಅಭ್ಯಾಸ. ಹಾಗೆ ಹಿಂದೆ ಬಂದ ಕೈಯನ್ನ ಅವರು ಒಂದು ಗಳಿಗೆ ನೋಡಿದರು... ಆಮೇಲೆ ಅದೇ ಕೈ ಚಾಚಿ, ಹರಿದ ಚರ್ಮದ ಮೇಲೆ, ಸರಿಯಾಗಿ ಬಿರುಕಿದ್ದ ಜಾಗದಲ್ಲಿ ಅಂಗೈ ಊರಿದರು.

"ಏನ್ರೀ," ಅಂದರು ಪಿಸುಮಾತಿನಲ್ಲಿ. "ಈಗ ಗುದ್ದಿ."

ಟ್ಯೂಬ್‌ಲೈಟಿನ ಗುಂಯ್ ಅನ್ನೋ ಸದ್ದೂ ನಿಂತುಹೋಯಿತು. ಸೂಜಿಯಕ್ಕ ಕಣ್ಣಾರೆ ನೋಡಿದಳು... ಟೀಚರಮ್ಮನ ಸ್ವೆಟರಿನ ತೋಳು ಫಟ್ಟಂತ ಅದುರಿತು. ಏನೋ ರಭಸದಿಂದ ಇಳಿದು ಬಂದು, ಆ ಕೈಯ ಒಂದಿಂಚು ಮೇಲೆ ತಡೆದು ನಿಂತಿತ್ತು.

"ನಾನು ಕೈ ತೆಗೆಯಲ್ಲ. ಗುದ್ದೋದಾದ್ರೆ ನನ್ನ ಮೇಲೇ ಗುದ್ದಿ."

ಒಂದು... ಎರಡು... ಮೂರು ಉಸಿರು. ಯಾರೋ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟ ಸದ್ದು. ಹೂಂ... ಅಂತ.

ಟೀಚರಮ್ಮ ಕೀ ತಿರುಗಿಸಿದರು. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಹಿಡೀತು.

"ನೀನು ಹೊಲಿಯಮ್ಮ," ಅಂದರು. ಗಾಡಿ ಶಟರ್ ದಾಟಿ ಬಯಲಿಗೆ ಇಳೀತು. ಗೇರು ಬದಲಿಸೋದೂ ಮರೆತು ಒಂದನೇ ಗೇರಿನಲ್ಲೇ ಲಾರಿಗಳ ಸುತ್ತ ಏಳೆಂಟು ಸುತ್ತು. ಸೂಜಿಯಕ್ಕ ಟಾರ್ಚನ್ನ ಬಾಯಲ್ಲಿ ಕಚ್ಚಿಕೊಂಡು, ಗಾಡಿ ಕುಲುಕಿದಾಗ ತಡೆದು, ನಿಂತಾಗ ಎಳೆದು ಹೊಲಿದಳು. ಮತ್ತೆ ಒಂದೂ ಗುದ್ದು ಬೀಳಲಿಲ್ಲ. ಬೆಳಿಗ್ಗೆ ಟಿಂಕರಿಂಗ್ ಅಂಗಡಿಯವನು ಬಂದು ಹೊಲಿಗೆ ಮೇಲೆ ಬೆರಳಾಡಿಸಿ ನೋಡಿದ. ಆವತ್ತಿನ ಟೀ ತಾನೇ ತರಿಸಿದ.

ಒಂಬತ್ತು ವರ್ಷ ಆಯ್ತು. ಆ ಹೊಲಿಗೆ ಇವತ್ತಿಗೂ ಗಟ್ಟಿ. ಟೀಚರಮ್ಮ ದಿನಾ ಸಂಜೆ ಒಬ್ಬರೇ ಕಾರು ತಗೊಂಡು ಸುತ್ತಾಡಿ ಬರ್ತಾರೆ. ಪಕ್ಕದ ಸೀಟಲ್ಲಿ ಯಾರನ್ನೂ ಕೂರಿಸಲ್ಲ, ಕೈಚೀಲ ಕೂಡ ಹಿಂದಿನ ಸೀಟಿಗೇ. ಆದರೆ ವರ್ಷಕ್ಕೊಂದು ಸಲ ಅಂಗಡಿಗೆ ಬಂದು ಆ ಪಕ್ಕದ ಸೀಟಿನ ಸ್ಪ್ರಿಂಗ್ ಹೊಸದು ಹಾಕಿಸಿಕೊಂಡು ಹೋಗ್ತಾರೆ... ಕೂತುಹೋಗಿರುತ್ತೆ.

ಸುಳ್ಳಲ್ಲ. ಹೋದ ತಿಂಗಳು ತೆಗೆದದ್ದನ್ನ ನಾನೇ ಕೈಯಲ್ಲಿ ಹಿಡಿದು ನೋಡಿದೆ. ಚಪ್ಪಟೆ.